ನೂರಿ ಅಲ್ ಸಯೀದ್ ಸೋತಿದ್ದು 1954ರಲ್ಲೇ

ಇರಾಕಿನ ಪ್ರಧಾನಿಯಾಗಿದ್ದ ನೂರಿ ಅಲ್ ಸಯೀದ್ ಅಂದರೆ ಸಾಕು, 'ಬ್ರಿಟಿಷರ ಬಾಲಬಡುಕ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ.

ಬಾಗ್ದಾದಿನಲ್ಲಿ ಹುಟ್ಟಿ ಆಟೊಮನ್ ಸೇನೆ ಸೇರಿದ್ದ ಈತ, 1916ರ ಅರಬ್ ದಂಗೆಯಲ್ಲಿ ಅದೇ ತುರ್ಕರ ವಿರುದ್ಧ ನಿಂತ. ಮುಂದೆ ಇರಾಕಿನ ದೊರೆ ಫೈಸಲ್‌ನ ಬಲಗೈಯಾದ. 1930ರಲ್ಲಿ ಮೊದಲ ಸಲ ಪ್ರಧಾನಿಯಾಗಿ ಬ್ರಿಟನ್ ಜೊತೆ ಒಪ್ಪಂದ ಮಾಡಿಕೊಂಡ. ಬ್ರಿಟಿಷರ ಹಿಡಿತದಲ್ಲಿದ್ದ ಇರಾಕಿಗೆ 1932ರಲ್ಲಿ ಸ್ವಾತಂತ್ರ್ಯ ಬಂತು, ಬ್ರಿಟಿಷ್ ವಾಯುನೆಲೆಗಳು ಮಾತ್ರ ಅಲ್ಲೇ ಉಳಿದವು. ಜನರಿಗೆ ಆ ಸಿಟ್ಟು ಹೋಗಲೇ ಇಲ್ಲ.

ಆದರೆ 1952ರಲ್ಲಿ ವಿದೇಶಿ ತೈಲ ಕಂಪನಿಯಿಂದ ಲಾಭದ ಅರ್ಧ ಪಾಲು ತಂದದ್ದೂ ಇವನ ಸರ್ಕಾರವೇ. ತೈಲದ ದುಡ್ಡಿನಲ್ಲಿ 70% ಅಭಿವೃದ್ಧಿ ಮಂಡಳಿಗೆ ಹೋಗುತ್ತಿತ್ತು. 1954ರ ವಸಂತದಲ್ಲಿ ಟೈಗ್ರಿಸ್ ನದಿ ಉಕ್ಕಿ ಬಾಗ್ದಾದೇ ಮುಳುಗುವ ಹಾಗಾಗಿತ್ತು. 1956ರಲ್ಲಿ ಸಮಾರಾದ ಅಣೆಕಟ್ಟೆ ಉದ್ಘಾಟನೆಯಾಗಿ ನೆರೆ ನೀರನ್ನು ಥರ್ಥಾರ್ ತಗ್ಗಿಗೆ ತಿರುಗಿಸಿತು. ಒಳ್ಳೆ ಕೆಲಸ, ಅಲ್ವಾ? ಅದೇ ಹೊತ್ತಿಗೆ, ಜಮೀನ್ದಾರರ ಕಾಟ ತಾಳದೆ ಹಳ್ಳಿ ಬಿಟ್ಟವರು ಬಾಗ್ದಾದಿನ ಅಂಚಿನಲ್ಲಿ ಜೊಂಡು, ಮಣ್ಣಿನ ಗುಡಿಸಲು ಹಾಕಿಕೊಂಡಿದ್ದರು. ಚರಂಡಿ ಇಲ್ಲ, ನಲ್ಲಿ ಇಲ್ಲ. ಅಣೆಕಟ್ಟೆಯ ಫಲ ಬರುವವರೆಗೂ ಅವರು ಕಾಯಬೇಕಿತ್ತು.

ಅವರ ಪರ ಮಾತಾಡುವವರನ್ನು ನೂರಿ ಏನು ಮಾಡಿದ ನೋಡಿ. 1954ರ ಜೂನ್ ಚುನಾವಣೆಯಲ್ಲಿ 135 ಸ್ಥಾನಗಳ ಪೈಕಿ ವಿರೋಧಿ ಕೂಟಕ್ಕೆ ಸಿಕ್ಕಿದ್ದು ಹತ್ತರ ಆಸುಪಾಸು ಅಷ್ಟೇ. ಅಷ್ಟನ್ನೂ ಸಹಿಸಲಿಲ್ಲ. ಮತ್ತೆ ಪ್ರಧಾನಿಯಾದವನೇ ಸಂಸತ್ತನ್ನೇ ವಿಸರ್ಜಿಸಿದ. ಸೆಪ್ಟೆಂಬರಿನಲ್ಲಿ ಹೊಸ ಚುನಾವಣೆ ಮಾಡಿಸಿದ, 100ಕ್ಕೂ ಜಾಸ್ತಿ ಮಂದಿ ಎದುರಾಳಿಯೇ ಇಲ್ಲದೆ ಗೆದ್ದರು. ಪಕ್ಷಗಳಿಗೆ ಬೀಗ ಬಿತ್ತು, ಪತ್ರಿಕೆಗಳಿಗೂ ಅದೇ ಗತಿ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹತ್ತು ಜನರ ಕೂಗಿಗೆ ಇಷ್ಟು ಹೆದರಬೇಕಿತ್ತಾ?

ಬ್ರಿಟನ್ ಕೂಡ ಸೇರಿದ್ದ ರಕ್ಷಣಾ ಕೂಟವಾದ 1955ರ ಬಾಗ್ದಾದ್ ಒಪ್ಪಂದ, ಮರುವರ್ಷ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ಈಜಿಪ್ಟಿನ ಮೇಲೆ ಮಾಡಿದ ಸೂಯೆಜ್ ದಾಳಿ ಉರಿಯುವ ಬೆಂಕಿಗೆ ತುಪ್ಪ ಸುರಿದವು. ಸಂಸತ್ತಿನಲ್ಲಿ ಕೂತು ಜಗಳವಾಡಬೇಕಿದ್ದ ರಾಷ್ಟ್ರೀಯವಾದಿಗಳು, ಕಮ್ಯುನಿಸ್ಟರು, ಅರಬ್ ಏಕತೆ ಬಯಸುತ್ತಿದ್ದ ಬಾತ್ ಪಕ್ಷದವರು 1957ರಲ್ಲಿ ಗುಟ್ಟಾಗಿ ಒಂದಾಗಿ ಸೇನಾಧಿಕಾರಿಗಳ ಜೊತೆ ಕೈಜೋಡಿಸಿದರು. 1958ರ ಜುಲೈ 14ರಂದು 23 ವರ್ಷದ ದೊರೆ ಎರಡನೇ ಫೈಸಲ್‌ನನ್ನೂ ಅರಮನೆಯವರನ್ನೂ ಸೈನಿಕರು ಗುಂಡಿಟ್ಟು ಕೊಂದರು. ಹೆಂಗಸಿನ ನಿಲುವಂಗಿ ತೊಟ್ಟು ತಪ್ಪಿಸಿಕೊಳ್ಳುತ್ತಿದ್ದ ನೂರಿ ಮರುದಿನ ಸಿಕ್ಕಿಬಿದ್ದು ಪ್ರಾಣ ಕಳೆದುಕೊಂಡ. ಹೂತ ಹೆಣವನ್ನೂ ಬಿಡದೆ ಅಗೆದು ಬೀದಿಯಲ್ಲಿ ಎಳೆದರು. ಆ ಕ್ರೌರ್ಯವನ್ನು ನಾನು ಯಾವತ್ತೂ ಒಪ್ಪಲಾರೆ. ಆದರೆ ಅವನನ್ನು ಬೈದು ಇಳಿಸುವುದಕ್ಕೆ ಒಂದು ಸಂಸತ್ತು ಅಂತ ಆ ಜನಕ್ಕೆ ಉಳಿದೇ ಇರಲಿಲ್ಲ. ಹಾಗೆ ಮಾಡಿದವನು ನೂರಿಯೇ.