ಕಾಲೇಜು ಗೇಟಿನ ಮುಂದೆ ಬಿಡಿ ಸಿಗರೇಟು

ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಇದು ಸ್ವಲ್ಪ ಉದ್ದದ ಬರಹ. ಮನೆಯಲ್ಲಿ ಹದಿನೈದು, ಹದಿನಾರರ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ.

ಹುಡುಗರು ಸಿಗರೇಟು ಸೇದುತ್ತಾರೆ ಅಂತ ಗೊತ್ತಾದ ಕೂಡಲೇ ನಾವು ಮೇಷ್ಟ್ರುಗಳು ಒಂದು ಕಾರ್ಯಕ್ರಮ ಇಟ್ಟುಕೊಳ್ಳುತ್ತೇವೆ. ಡಾಕ್ಟರನ್ನು ಕರೆಸಿ, ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿ, ಪ್ರತಿಜ್ಞೆ ಮಾಡಿಸಿ ಕಳಿಸುತ್ತೇವೆ. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತೆ ಅಂತ ಆ ಮಕ್ಕಳಿಗೆ ಮೊದಲೇ ಗೊತ್ತು. ಆದರೆ ಹದಿನಾರರ ಹುಡುಗನಿಗೆ ಐವತ್ತು ಅನ್ನುವುದು ಬೇರೆ ಯಾರದೋ ವಯಸ್ಸು. ಆ ಹೆದರಿಕೆ ಗೇಟು ದಾಟುವ ತನಕವೂ ಉಳಿಯುವುದಿಲ್ಲ.

ಗೇಟು ದಾಟಿದರೆ ಪೆಟ್ಟಿಗೆ ಅಂಗಡಿ. ಅಲ್ಲೊಂದು ದಾರಕ್ಕೆ ಲೈಟರ್ ಕಟ್ಟಿರುತ್ತಾರೆ. ಹತ್ತೋ ಇಪ್ಪತ್ತೋ ರೂಪಾಯಿ ಕೊಟ್ಟರೆ ಒಂದು ಸಿಗರೇಟು ಕೈಗೆ ಬರುತ್ತದೆ. ಇಬ್ಬರು ಸೇರಿದರೆ ಅದರಲ್ಲೂ ಅರ್ಧ ಖರ್ಚು. ಮೇಲೆ ಒಂದು ಟೀ, ವಾಸನೆ ಹೋಗೋಕೆ ಒಂದು ಮಿಂಟು. ಬಸ್ಸಿಗೆ, ತಿಂಡಿಗೆ ಅಂತ ಕೊಟ್ಟ ದುಡ್ಡಿನಲ್ಲೇ ಎಲ್ಲ ಮುಗಿಯುತ್ತದೆ. ಪೂರ್ತಿ ಪ್ಯಾಕ್ ಕೊಳ್ಳಬೇಕು ಅಂದಿದ್ದರೆ ಎಷ್ಟು ಹುಡುಗರು ಶುರು ಮಾಡುತ್ತಿದ್ದರು ಹೇಳಿ? ಅಷ್ಟು ದುಡ್ಡು ಎಲ್ಲಿಂದ ತರುತ್ತಾರೆ, ತಂದರೂ ಪ್ಯಾಕನ್ನು ಮನೆಯಲ್ಲಿ ಎಲ್ಲಿ ಬಚ್ಚಿಡುತ್ತಾರೆ?

ಇನ್ನೊಂದು ವಿಷಯ ಇದೆ. 2016ರಿಂದ ಪ್ಯಾಕಿನ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಲೇಬೇಕು ಅಂತ ನಿಯಮ ಇದೆ. ಒಂದೊಂದೇ ಕೊಳ್ಳುವ ಹುಡುಗನ ಕೈಗೆ ಆ ಪ್ಯಾಕು ಬರುವುದೇ ಇಲ್ಲ. ಅಷ್ಟು ದೊಡ್ಡ ಎಚ್ಚರಿಕೆ ಅಂಗಡಿಯವನ ಡಬ್ಬದಲ್ಲೇ ಉಳಿದುಬಿಡುತ್ತದೆ.

ಕಾನೂನು ಇಲ್ಲ ಅಂತೀರಾ? ಬೇಕಾದಷ್ಟಿದೆ. ಶಾಲೆ, ಕಾಲೇಜಿನ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕೇಂದ್ರ ತಂಬಾಕು ಕಾಯ್ದೆಯಲ್ಲೇ ಇದೆ. ಬಿಡಿ ಸಿಗರೇಟು ಮಾರುವುದನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿದೆ. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಈಗ 21 ತುಂಬದವರಿಗೆ ಮಾರುವಂತೆಯೇ ಇಲ್ಲ. ದಂಡ 200 ರೂಪಾಯಿಯಿಂದ 1000ಕ್ಕೆ ಏರಿದೆ. ಅಂದರೆ ಪಿಯು ಮಕ್ಕಳಿರಲಿ, ಡಿಗ್ರಿ ಓದುವ ಬಹಳಷ್ಟು ಮಕ್ಕಳಿಗೂ ಕೊಡುವ ಹಾಗಿಲ್ಲ. ಹಾಗಿದ್ದೂ ದಾರಕ್ಕೆ ಕಟ್ಟಿದ ಲೈಟರ್ ಅಲ್ಲೇ ಇದೆ. ನಾವೆಲ್ಲ ಅದರ ಮುಂದೆಯೇ ಓಡಾಡುತ್ತೇವೆ. ಯಾರೂ ಕೇಳುವುದಿಲ್ಲ. ಅಂಗಡಿಯವನ ಹೊಟ್ಟೆಪಾಡು ನನಗೂ ಅರ್ಥ ಆಗುತ್ತೆ, ಆದರೆ ಅವನ ವ್ಯಾಪಾರ ನಡೆಯೋಕೆ ನಮ್ಮ ಮಕ್ಕಳೇ ಆಗಬೇಕಾ?

ನಾನಿರುವುದು ಹುಣಸೂರು ಕಡೆ. ಇಲ್ಲಿ ಹೊಗೆಸೊಪ್ಪಿನ ಬೆಳೆ. ನಮ್ಮ ಎಷ್ಟೋ ವಿದ್ಯಾರ್ಥಿಗಳ ಫೀಸು ಹರಾಜಿನ ದುಡ್ಡಿನಲ್ಲೇ ಕಟ್ಟುವುದು. ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ರಾತ್ರಿಯೆಲ್ಲ ಎದ್ದು ಸೌದೆ ಹಾಕುವ ಅಪ್ಪ ಅಮ್ಮನನ್ನು ನೋಡಿ ಬೆಳೆದ ಮಕ್ಕಳು ಇವರು. ಬೆಳೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ಬೆಳೆಗೆ ಸರಿಯಾದ ಬೆಲೆ ಸಿಕ್ಕಿದರೆ ಇವರಲ್ಲಿ ಅನೇಕರು ನಾಳೆಯೇ ಬಿಟ್ಟಾರು. ಆದರೆ ಈ ಮಕ್ಕಳಿಗೆ ನಾನು ಕ್ಲಾಸಿನಲ್ಲಿ ಒಂದು ವಿಷಯ ಮಾತ್ರ ತಪ್ಪದೆ ಹೇಳುತ್ತೇನೆ. ಅಮೆರಿಕದ ಆರ್. ಜೆ. ರೆನಾಲ್ಡ್ಸ್ ಅನ್ನುವ ದೊಡ್ಡ ಸಿಗರೇಟು ಕಂಪನಿ 1984ರಲ್ಲಿ ತನ್ನೊಳಗೇ ಒಂದು ವರದಿ ಬರೆಸಿಕೊಂಡಿತ್ತು. ಸೇದುವವರು ಸಾಯುತ್ತಾರೆ, ಬಿಡುತ್ತಾರೆ, ಅವರ ಜಾಗ ತುಂಬೋಕೆ ಸಿಗುವುದು ಎಳೆಯ ವಯಸ್ಸಿನವರು ಮಾತ್ರ ಅನ್ನುವುದು ಅದರ ಸಾರ. ಕೋರ್ಟು ಕೇಸುಗಳಿಂದಾಗಿ ಇಂಥ ಕಾಗದಗಳೆಲ್ಲ ಆಮೇಲೆ ಹೊರಗೆ ಬಂದವು.

ಇದನ್ನು ಹೇಳಿದಾಗ ಕ್ಲಾಸು ನಿಜಕ್ಕೂ ಕಿವಿಗೊಡುತ್ತದೆ. ತನ್ನನ್ನು ಯಾರೋ ಲೆಕ್ಕ ಹಾಕಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾರೆ ಅಂದರೆ ಈ ವಯಸ್ಸಿನವರಿಗೆ ಸಿಟ್ಟು ಬರುತ್ತೆ. ಆ ಸಿಟ್ಟು ಒಳ್ಳೆಯದು. ಮಿಂಟ್ ರುಚಿಯ ಸಿಗರೇಟು ಯಾರಿಗಾಗಿ ಬಂತು ಅಂತ ಅವರೇ ಕೇಳುತ್ತಾರೆ. ಗಂಟಲು ಉರಿಯದ ಹಾಗೆ ತಂಪು ಮಾಡುವುದು ಹೊಸಬರಿಗೇ ಅಲ್ವಾ? ನಿಕೋಟಿನ್ ಹತ್ತು ಸೆಕೆಂಡಿನೊಳಗೆ ಮಿದುಳು ಮುಟ್ಟುತ್ತದೆ. ಇಪ್ಪತ್ತು ದಾಟಿದ ಮೇಲೂ ಮಿದುಳು ಬೆಳೆಯುತ್ತಲೇ ಇರುತ್ತದೆ. ಬೆಳೆಯುವ ಮಿದುಳಿಗೆ ಚಟ ಬೇಗ ಹತ್ತುತ್ತದೆ, ಬಿಡಿಸುವುದು ಕಷ್ಟ. ಸುಮ್ನೆ ಒಂದು ದಮ್ಮು ಅಂತ ಶುರುವಾದದ್ದು ಅಷ್ಟಕ್ಕೇ ನಿಲ್ಲದೆ ಇರುವುದು ಇದಕ್ಕೇ.

ಮನೆಯವರಿಗೂ ಒಂದೆರಡು ಮಾತು. ಮಗನ ಕೈಗೆ ದುಡ್ಡು ಕೊಟ್ಟು "ಹೋಗಿ ಒಂದು ಪ್ಯಾಕ್ ತಗೊಂಡು ಬಾರೋ" ಅಂತ ಕಳಿಸಬೇಡಿ. ಆ ಅಂಗಡಿಯ ದಾರಿ ತೋರಿಸಿಕೊಟ್ಟವರು ಆಗ ನೀವೇ ಆಗುತ್ತೀರಿ. ಗೆಳೆಯರ ಗುಂಪಿನಲ್ಲಿ "ಬೇಡ" ಅನ್ನೋದು ಹುಡುಗನಿಗೆ ತುಂಬಾ ಕಷ್ಟ. ಅವನಿಗೊಂದು ನೆಪ ಕೊಡಿ. "ಬೇಡ ಮಗಾ, ಅಮ್ಮ ಬಾಯಿ ಮೂಸಿ ನೋಡ್ತಾಳೆ" ಅಂತ ನಿಮ್ಮ ಮೇಲೆ ಹಾಕಿ ತಪ್ಪಿಸಿಕೊಳ್ಳಲಿ. ಕೆಟ್ಟ ಹೆಸರು ನಿಮಗೇ ಬರಲಿ ಬಿಡಿ.

ಈಗಾಗಲೇ ಸೇದುತ್ತಿದ್ದಾನೆ ಅಂತ ಗೊತ್ತಾದರೆ ಹೊಡೆಯಬೇಡಿ, ನೆಂಟರ ಮುಂದೆ ಮಾನ ಕಳೆಯಬೇಡಿ. ಹೊಡೆತ ತಿಂದವನು ಮುಚ್ಚಿಡುವುದನ್ನು ಕಲಿಯುತ್ತಾನೆ ಅಷ್ಟೆ. ಯಾವಾಗ ಸೇದಬೇಕು ಅನ್ನಿಸುತ್ತೆ, ಯಾರ ಜೊತೆಗೆ ಅಂತ ಕೂತು ಕೇಳಿ. 1800-11-2356ಕ್ಕೆ ಫೋನ್ ಮಾಡಿದರೆ ತಂಬಾಕು ಬಿಡೋಕೆ ಆಪ್ತಸಲಹೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಸೇವೆಯ ಕೇಂದ್ರ ಇದೆ.

ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ವಿಷಯಕ್ಕಿಂತ ಮೊದಲು ನಾನು ಗೇಟಿನ ಎದುರಿನ ಅಂಗಡಿಯ ವಿಷಯ ಎತ್ತುತ್ತೇನೆ. ಎಲ್ಲರೂ ಸಹಿ ಹಾಕಿದ ಅರ್ಜಿಯನ್ನು ಪುರಸಭೆಗೂ ಪೊಲೀಸ್ ಠಾಣೆಗೂ ಕೊಡಬೇಕು ಅಂತ ಕೇಳುತ್ತೇನೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ನೀವು ಕೇಳಿ.