ಕೇಬಲ್ ಕಿತ್ತೆಸೆದ ವೀರರಿಗೆ ಜಯವಾಗಲಿ

"ನಾವು ಕೇಬಲ್ ತೆಗೆಸಿಬಿಟ್ವಿ ಕಣ್ರೀ" ಅಂತ ಹೇಳುವವರ ಮುಖ ನೋಡಿದ್ದೀರಾ? ಮನೆ ಸಾಲ ಪೂರ್ತಿ ತೀರಿಸಿದವರಿಗೂ ಅಷ್ಟು ಕಳೆ ಇರುವುದಿಲ್ಲ.

ಪಾಪ, ಅವರ ಸಿಟ್ಟಿಗೆ ಕಾರಣವೂ ಇತ್ತು. 2019ರ ಫೆಬ್ರವರಿಯಲ್ಲಿ ಟ್ರಾಯ್, ಅಂದರೆ ಫೋನು-ಟಿವಿ ಸೇವೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ, ಹೊಸ ನಿಯಮ ತಂದು, ನೋಡುವ ಚಾನೆಲ್‌ಗಷ್ಟೇ ದುಡ್ಡು ಕೊಟ್ಟರೆ ಸಾಕು ಅಂದಿತು. ಕೇಳೋಕೆ ಚೆನ್ನಾಗಿತ್ತು. ಆದರೆ ಒಂದೇ ಒಂದು ಪೇ ಚಾನೆಲ್ ಆರಿಸುವ ಮೊದಲೇ 130 ರೂಪಾಯಿ ನೆಟ್‌ವರ್ಕ್ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಅಷ್ಟು ಕೊಟ್ಟರೆ ಸಿಗುತ್ತಿದ್ದದ್ದು ಪುಕ್ಕಟೆ ಚಾನೆಲ್‌ಗಳು! ಪುಕ್ಕಟೆಯದ್ದನ್ನೂ ದುಡ್ಡು ಕೊಟ್ಟು ನೋಡುವ ಭಾಗ್ಯ.

ಜನ ಕೇಬಲ್ ಕಿತ್ತು, ಇಂಟರ್ನೆಟ್ಟಿನಿಂದ ಸಿನಿಮಾ, ಸೀರಿಯಲ್ ತೋರಿಸುವ ಒಂದು ಸ್ಟಿಕ್ಕನ್ನು ಟಿವಿ ಬೆನ್ನಿಗೆ ಚುಚ್ಚಿದರು. ಇನ್ನು ಜಾಹೀರಾತಿನ ಕಾಟವಿಲ್ಲ ಅಂದುಕೊಂಡರು. 2025ರ ಜೂನ್‌ನಲ್ಲಿ ಪ್ರೈಮ್ ವಿಡಿಯೋ ಜಾಹೀರಾತು ಶುರು ಮಾಡಿತು. ಬೇಡ್ವಾ? ವರ್ಷಕ್ಕೆ 699 ರೂಪಾಯಿ ಜಾಸ್ತಿ ಕೊಡಿ ಅಂದಿತು. ಟಿವಿಯಲ್ಲಿ ಜಾಹೀರಾತು ಬಂದರೆ ಸುಮ್ನೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದೆವು, ಅದಕ್ಕೆ ಯಾರೂ ಬಿಲ್ ಕಳಿಸುತ್ತಿರಲಿಲ್ಲ.

ನೆಟ್‌ಫ್ಲಿಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಅಕೌಂಟ್ ಒಂದೇ ಮನೆಯವರಿಗೆ ಅಂತ 2023ರ ಜುಲೈನಲ್ಲಿ ಇಲ್ಲಿಯೂ ಹೇಳಿತು. ಮಗ ಬೆಂಗಳೂರಿನ ಪಿಜಿಯಲ್ಲಿ, ಅಪ್ಪ ಅಮ್ಮ ಹಾವೇರಿಯಲ್ಲಿ. ರೇಷನ್ ಕಾರ್ಡ್‌ನಲ್ಲಿ ಇವರೆಲ್ಲ ಒಂದೇ ಕುಟುಂಬ. ಆಹಾರ ಇಲಾಖೆ ಒಪ್ಪಿದ ಸಂಬಂಧವನ್ನು ವೈಫೈ ಒಪ್ಪುತ್ತಿಲ್ಲ.

ಇನ್ನು ಕನ್ನಡದವರ ಕಥೆ ಕೇಳಿ. ಜೀ ಕನ್ನಡದ ಸೀರಿಯಲ್ ಬೇಕಾದರೆ ಜೀ5, ಕಲರ್ಸ್ ಕನ್ನಡದ್ದಾದರೆ ಜಿಯೋಹಾಟ್‌ಸ್ಟಾರ್, ಉದಯದ್ದಾದರೆ ಸನ್ ನೆಕ್ಸ್ಟ್. ಮೊದಲು ರಿಮೋಟಿನಲ್ಲಿ ನಂಬರ್ ಒತ್ತಿದರೆ ಸಾಕಿತ್ತು. ಈಗ ಅತ್ತೆ ಸಂಜೆ ಸೀರಿಯಲ್ ನೋಡಬೇಕಂದರೆ, ಒಟಿಪಿ ಬರುವುದು ಮಗನ ಫೋನಿಗೆ, ಅವನು ಆಫೀಸಿನ ಮೀಟಿಂಗ್‌ನಿಂದ ಎದ್ದು ಹೊರಗೆ ಬಂದು ಆರು ಅಂಕಿ ಓದಿ ಹೇಳುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಹೋಗಲಿ, ಹೊಸದೇನಾದರೂ ಕನ್ನಡದಲ್ಲಿ ನೋಡೋಣ ಅಂದರೆ, 'ಏಕಂ' ಅನ್ನೋ ವೆಬ್ ಸರಣಿ ಮಾಡಿದವರು 2024ರಲ್ಲಿ ತಮ್ಮದೇ ವೆಬ್‌ಸೈಟ್ ತೆರೆದು ಅದರಲ್ಲಿ ಹಾಕಬೇಕಾಯಿತು. ಅಲ್ಲಿಗೆ ನಾಲ್ಕನೇ ಲಾಗಿನ್.

ಇದೆಲ್ಲ ಓಡಬೇಕಾದರೆ ಮನೆಗೆ ಫೈಬರ್ ಇಂಟರ್ನೆಟ್ ಬೇಕು ಅಲ್ವಾ? ಎಷ್ಟೋ ಬೀದಿಗಳಲ್ಲಿ ಅದನ್ನು ಹಾಕಿಕೊಡುವವನು ಹಳೇ ಕೇಬಲ್‌ನವನೇ. ಅದೇ ಕಂಬ, ತೆಂಗಿನ ಮರಕ್ಕೆ ಸುತ್ತಿಟ್ಟ ಅದೇ ವೈರು. ಬಾಗಿಲಲ್ಲಿ ನಿಂತು, "ಸರ್, ಎಲ್ಲಾ ಆ್ಯಪ್ ಸೇರಿ ಒಂದು ಪ್ಯಾಕ್ ಇದೆ, ಟಿವಿ ಚಾನೆಲ್ಲೂ ಬರುತ್ತೆ, ಹಾಕ್ಬಿಡ್ಲಾ?" ಅನ್ನುತ್ತಾನೆ. ಹೂಂ ಅಂದ ಮೇಲೆ, ಮೆಟ್ಟಿಲಿಳಿಯುತ್ತಾ ಹೇಳುತ್ತಾನೆ: "ಜಿಎಸ್‌ಟಿ ಬೇರೆ ಸರ್."