ಈ ವರ್ಷ ಬೇಲಿ ಗಟ್ಟಿಯಾಗಿದೆಯಂತೆ

ಇದು 2025ರ ಆಗಸ್ಟಿನಲ್ಲಿ ಬರೆದದ್ದು. ಅಮೆರಿಕನ್ ಫುಟ್‌ಬಾಲಿನ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಆಫೆನ್ಸಿವ್ ಲೈನ್, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕಿಗೆ ಬೇಲಿಯಾಗಿ ನಿಲ್ಲುವ ಐವರ ಸಾಲು, ಈ ವರ್ಷ ಬಹಳ ಸುಧಾರಿಸಿದೆಯಂತೆ. ಮಳೆಗಾಲಕ್ಕೆ ಹದಿನೈದು ದಿನ ಮೊದಲು ಕಾಲುವೆಗಳ ಹೂಳೆತ್ತಿ ಮುಗಿಯಿತೆಂದು ನಗರಪಾಲಿಕೆಗಳು ಪ್ರಕಟಣೆ ಹೊರಡಿಸುವ ಹಾಗೆ, ಆಗಸ್ಟ್ ತಿಂಗಳು ಹುಟ್ಟಿದ ಕೂಡಲೇ ಈ ಸುದ್ದಿಯೂ ತಪ್ಪದೆ ಹುಟ್ಟುತ್ತದೆ. 2021ರಲ್ಲಿ ಹುಟ್ಟಿತ್ತು, 2022ರಲ್ಲಿ ಹುಟ್ಟಿತ್ತು, ಅದರ ಮುಂದಿನ ಎರಡು ವರ್ಷವೂ ಹುಟ್ಟಿತ್ತು. ಇಷ್ಟು ವರ್ಷ ಎಡೆಬಿಡದೆ ಸುಧಾರಿಸುತ್ತ ಬಂದ ವಸ್ತು ಈ ಹೊತ್ತಿಗೆ ಏಳು ಸುತ್ತಿನ ಕೋಟೆಯಾಗಿ ನಿಂತಿರಬೇಕಿತ್ತು. ಆದರೆ ಕಳೆದ ಸೀಸನ್ನಿನಲ್ಲಿ ಆ ಕೋಟೆಯೊಳಗೆ ವಾಸವಿದ್ದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅವರು 48 ಸಲ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮುನ್ನವೇ ಎದುರಾಳಿಗಳು ಅವರನ್ನು ಕೆಡವಿದರು.

2025ರ ಮೊದಲ ಪಂದ್ಯ ಸೆಪ್ಟೆಂಬರ್ 7ರಂದು ಕ್ಲೀವ್‌ಲ್ಯಾಂಡಿನಲ್ಲಿ ನಡೆಯಲಿದೆ. ಅಲ್ಲಿಯವರೆಗೆ ಈ ಬೇಲಿ ಗಟ್ಟಿಯಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿಯವರೆಗೆ ಅದನ್ನು ಯಾರೂ ಮನಸ್ಸಿಟ್ಟು ತಳ್ಳುವುದಿಲ್ಲ. ಶಿಬಿರದಲ್ಲಿ ಕ್ವಾರ್ಟರ್‌ಬ್ಯಾಕನ್ನು ಮುಟ್ಟಬಾರದೆಂಬ ಕಟ್ಟಪ್ಪಣೆ ಇರುತ್ತದೆ. ಅಭ್ಯಾಸ ಪಂದ್ಯಗಳಲ್ಲಿ ಎದುರಾಳಿ ತಂಡದ ಹೆಸರುವಾಸಿಗಳು ಬಹುಮಟ್ಟಿಗೆ ಟೊಪ್ಪಿ ಹಾಕಿಕೊಂಡು ಮೈದಾನದ ಅಂಚಿನಲ್ಲಿ ಸೂರ್ಯಕಾಂತಿ ಬೀಜ ಜಗಿಯುತ್ತ ನಿಂತಿರುತ್ತಾರೆ. ಇಂಥ ಕಠಿಣ ಪರೀಕ್ಷೆಯಲ್ಲಿ, ಆಗಸ್ಟ್ 7ರಂದು ಫಿಲಡೆಲ್ಫಿಯಾದಲ್ಲಿ ಬರೋ ಅವರು ಎರಡು ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಎಸೆದು ಸುಕ್ಷೇಮವಾಗಿ ಹೊರಬಂದರೆಂಬುದೇ ಸುಧಾರಣೆಗೆ ದೊಡ್ಡ ಸಾಕ್ಷಿ. ಸೆಪ್ಟೆಂಬರ್ 7ರಂದು ಎದುರಿಗೆ ಬಂದು ನಿಲ್ಲುವವರು ಕ್ವಾರ್ಟರ್‌ಬ್ಯಾಕುಗಳನ್ನು ಕೆಡವುವುದರಲ್ಲಿ ಹೆಸರುವಾಸಿಯಾದ ಮೈಲ್ಸ್ ಗ್ಯಾರೆಟ್ ಎಂಬ ಸಣ್ಣ ವಿವರವನ್ನು ಮಾತ್ರ ವಿಶ್ಲೇಷಕರು ಸಭ್ಯತೆಯ ಕಾರಣಕ್ಕೆ ಕೊನೆಯ ಪ್ಯಾರಾಕ್ಕೆ ಬಿಟ್ಟುಕೊಂಡಿದ್ದಾರೆ.

ಈ ವಿಶ್ಲೇಷಣೆಗಳ ಭಾಷೆಯನ್ನು ಕುರಿತು ಎರಡು ಮಾತು ಹೇಳಲೇಬೇಕು. ಹುಡುಗಿ ನೋಡಲು ಬಂದವರು 'ಹುಡುಗಿ ಬಹಳ ಸಾಧು' ಎಂದರೆ ಅದರ ಅರ್ಥವೇನೆಂದು ಮನೆಯ ಹಿರಿಯರಿಗೆ ಗೊತ್ತಿರುವಂತೆ, ಆಗಸ್ಟ್ ತಿಂಗಳ ಪದಕೋಶವನ್ನು ಬಲ್ಲವರಿಗೂ ಒಂದು ಕಿವಿ ಬೇಕು. 'ಗಾರ್ಡ್ ಸ್ಥಾನಕ್ಕೆ ಆರೋಗ್ಯಕರ ಸ್ಪರ್ಧೆ ಏರ್ಪಟ್ಟಿದೆ' ಎಂದರೆ ಆ ಜಾಗಕ್ಕೆ ಆಳಿಲ್ಲ ಎಂದರ್ಥ. (ಲೈನಿನ ನಡುವಿನವರ ಎಡಬಲಕ್ಕೆ ನಿಲ್ಲುವವರು ಗಾರ್ಡ್, ಎರಡು ತುದಿಗೆ ನಿಲ್ಲುವವರು ಟ್ಯಾಕಲ್.) ಎಡ ಟ್ಯಾಕಲ್ ಜಾಗಕ್ಕೆ ಒಬ್ಬ ಸಮರ್ಥನಿದ್ದಾಗ ಅಲ್ಲಿ ಯಾರೂ ಸ್ಪರ್ಧೆ ಏರ್ಪಡಿಸಿದ್ದನ್ನು ನಾನು ನೋಡಿಲ್ಲ. 'ಈತ ಐದರಲ್ಲಿ ಯಾವ ಸ್ಥಾನದಲ್ಲಾದರೂ ಆಡಬಲ್ಲ' ಎಂದರೆ ಐದರಲ್ಲಿ ಯಾವುದೂ ಈತನದಲ್ಲ. 'ಬದುಕಿನಲ್ಲೇ ಅತ್ಯುತ್ತಮ ದೇಹಸ್ಥಿತಿಯಲ್ಲಿದ್ದಾನೆ' ಎಂದರೆ ಕಳೆದ ವರ್ಷ ಇರಲಿಲ್ಲ, ಆಗಲೂ ನಾವು ಹೀಗೆಯೇ ಬರೆದಿದ್ದೆವು. ಇನ್ನು 'ಐವರ ನಡುವೆ ಹೊಂದಾಣಿಕೆ ಬೆಳೆಯುತ್ತಿದೆ' ಎಂಬ ಮಾತು ಬಂದರೆ ಬರೋ ಅವರ ಮನೆಯವರು ದೇವರಿಗೆ ಮುಡಿಪು ಕಟ್ಟಿಡುವುದು ಕ್ಷೇಮ.

ಐವರಲ್ಲಿ ಮೂವರ ಬಗ್ಗೆ ನನ್ನ ತಕರಾರು ಹೆಚ್ಚಿಲ್ಲ. ಎಡ ಟ್ಯಾಕಲ್ ಆರ್ಲ್ಯಾಂಡೊ ಬ್ರೌನ್ ಆರು ಅಡಿ ಎಂಟು ಅಂಗುಲದ ಆಳು. 2023ರಲ್ಲಿ ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್ ಕೊಟ್ಟು ಅವರನ್ನು ಕರೆತಂದಾಗ ಈ ಕ್ಲಬ್ಬಿಗೂ ತಡೆಯುವವರಿಗೆ ದುಡ್ಡು ಕೊಡುವುದು ಗೊತ್ತಿದೆ ಎಂದು ಊರು ಬೆರಗಾಗಿತ್ತು. ಕಳೆದ ವರ್ಷ ಕಾಲಿನ ಮೂಳೆಯ ಪೆಟ್ಟಿನಿಂದ ಅವರು ಹಲವು ಪಂದ್ಯ ತಪ್ಪಿಸಿಕೊಂಡದ್ದು ಬೇರೆ ಮಾತು. ಬಲ ಟ್ಯಾಕಲ್ ಅಮೇರಿಯಸ್ ಮಿಮ್ಸ್ ಅವರದೂ ಅದೇ ಎತ್ತರ. ಜಾರ್ಜಿಯಾ ವಿಶ್ವವಿದ್ಯಾಲಯದ ಪರವಾಗಿ ಆರಂಭದಿಂದ ಕಣಕ್ಕಿಳಿದದ್ದು ಕೇವಲ ಎಂಟು ಪಂದ್ಯಗಳಲ್ಲಾದರೂ 2024ರ ಡ್ರಾಫ್ಟಿನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) 18ನೆಯವರಾಗಿ ಆಯ್ಕೆಯಾದರು, ಮತ್ತು ನಿರೀಕ್ಷೆಗಿಂತ ಬೇಗ ಕೆಲಸ ಕಲಿಯುತ್ತಿದ್ದಾರೆ. ನಡುವಿನ ಟೆಡ್ ಕರಾಸ್ ಅವರು ಟೊಪ್ಪಿ ಮಾರಿ, ಬಂದ ಹಣವನ್ನು ಬೌದ್ಧಿಕ ನ್ಯೂನತೆಯುಳ್ಳವರ ವಸತಿಗೆ ಕೊಡುವ ಸಜ್ಜನ. ಆ ಊರಿನಲ್ಲಿ ಅವರನ್ನು ಬೈಯುವವರು ಸಿಗುವುದಿಲ್ಲ, ನಾನೂ ಬೈಯುವುದಿಲ್ಲ.

ತೊಂದರೆ ಇರುವುದು ಕರಾಸ್ ಅವರ ಎಡಕ್ಕೆ ಮತ್ತು ಬಲಕ್ಕೆ. 2022ರಲ್ಲಿ ತಂದ ಅಲೆಕ್ಸ್ ಕಪ್ಪಾ ಅವರನ್ನು ಈ ಮಾರ್ಚಿನಲ್ಲಿ ಕಳಿಸಿಯಾಯಿತು. ಅವರ ಜಾಗಕ್ಕೆ ಮೂವತ್ತು ದಾಟಿದ ಲ್ಯೂಕಸ್ ಪ್ಯಾಟ್ರಿಕ್ ಒಂದು ವರ್ಷದ ಒಪ್ಪಂದದ ಮೇಲೆ ಬಂದಿದ್ದಾರೆ. ಎಡಗಡೆಗೆ ಈ ವರ್ಷದ ಡ್ರಾಫ್ಟಿನ ಮೂರನೆಯ ಸುತ್ತಿನಲ್ಲಿ ಆಯ್ಕೆಯಾದ ಡಿಲನ್ ಫೇರ್‌ಚೈಲ್ಡ್ ಎಂಬ ಹೊಸ ಹುಡುಗ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಇದೇ ವಸಂತದಲ್ಲಿ ಇದೇ ಕ್ಲಬ್ಬು ಚೆಂಡು ಹಿಡಿಯುವ ಜಮಾರ್ ಚೇಸ್ ಅವರಿಗೆ ನಾಲ್ಕು ವರ್ಷಕ್ಕೆ 16.1 ಕೋಟಿ ಡಾಲರ್, ಟೀ ಹಿಗಿನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 11.5 ಕೋಟಿ ಡಾಲರ್ ಬರೆದುಕೊಟ್ಟಿದೆ. ಅವರಿಗೆ ಚೆಂಡು ಎಸೆಯುವ ಬರೋ ಅವರಿಗೆ 2023ರಲ್ಲೇ ಐದು ವರ್ಷಕ್ಕೆ 27.5 ಕೋಟಿ ಡಾಲರ್ ಬರೆದುಕೊಟ್ಟಾಗಿತ್ತು. ವಧುವಿಗೆ ವಜ್ರದ ಹಾರ, ವರನಿಗೆ ಕಾರು ಕೊಟ್ಟ ಮಾವನವರು ಚಪ್ಪರದ ಕಂಬಕ್ಕೆಂದು ಪಕ್ಕದ ಮನೆಯ ಗಳು ಎರವಲು ತಂದ ಹಾಗಾಯಿತು. ಗಾಳಿ ಬಂದರೆ ಹಾರ ಹಾಕಿಕೊಂಡವರ ತಲೆಯ ಮೇಲೇ ಚಪ್ಪರ ಕೂರುತ್ತದೆ ಎಂಬುದು ಲೆಕ್ಕಪತ್ರದಲ್ಲಿ ಕಾಣುವ ಸಂಗತಿಯಲ್ಲ.

ಚೇಸ್ ಅವರ ಹೆಸರು ಬಂದಿದ್ದರಿಂದ ಹಳೆಯ ಗಾಯವೊಂದನ್ನು ಕೆರೆದುಕೊಳ್ಳದೆ ಮುಂದೆ ಹೋಗಲಾರೆ. 2020ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಮೈದಾನದಲ್ಲಿ, ಹತ್ತನೆಯ ಪಂದ್ಯದಲ್ಲಿ, ಅದಾಗಲೇ 32 ಸಲ ಸ್ಯಾಕ್ ಆಗಿದ್ದ ಬರೋ ಅವರ ಎಡ ಮೊಣಕಾಲಿನ ಎರಡು ಅಸ್ಥಿಬಂಧಗಳು ಹರಿದುಹೋದವು. ಐದು ತಿಂಗಳ ನಂತರದ ಡ್ರಾಫ್ಟಿನಲ್ಲಿ ಕ್ಲಬ್ಬಿನ ಸರದಿ ಐದನೆಯದಾಗಿತ್ತು, ಪೆನೆ ಸೂಯೆಲ್ ಎಂಬ ಭಾರಿ ಟ್ಯಾಕಲ್ ಕೈಗೆಟುಕುವಲ್ಲಿದ್ದರು. ಕಾಲು ಮುರಿದುಕೊಂಡವನಿಗೆ ಊರುಗೋಲು ಕೊಡುವುದೋ, ಕುಣಿಯಲು ಜೊತೆಗಾರನನ್ನು ಕೊಡುವುದೋ ಎಂಬ ಪ್ರಶ್ನೆಗೆ ಕ್ಲಬ್ಬು ಜೊತೆಗಾರನನ್ನು ಆರಿಸಿತು. ಚೇಸ್ ಬಂದರು, ಸೂಯೆಲ್ ಏಳನೆಯವರಾಗಿ ಡೆಟ್ರಾಯಿಟಿಗೆ ಹೋದರು. ಚೇಸ್ ಅವರು ಅದ್ಭುತ ಆಟಗಾರರೆಂಬುದರಲ್ಲಿ ಸಂದೇಹವಿಲ್ಲ, ತಂಡ ಅದೇ ವರ್ಷ ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋಯಿತು, ಹಾಗಾಗಿ ನಾವು ಬಾಯಿ ಮುಚ್ಚಿಕೊಂಡೆವು. ಆ ವರ್ಷ ಬರೋ ಅವರು 51 ಸಲ, ಪ್ಲೇಆಫ್ (ಲೀಗಿನ ಕೊನೆಯ ನಾಕೌಟ್ ಪಂದ್ಯಗಳು) ಸೇರಿದರೆ 70 ಸಲ ಸ್ಯಾಕ್ ಆದರೆಂಬುದನ್ನು ಗೆದ್ದ ಸಂಭ್ರಮದಲ್ಲಿ ಯಾರು ಎಣಿಸುತ್ತಾರೆ? ಟೆನೆಸಿಯ ವಿರುದ್ಧದ ಒಂದೇ ಪಂದ್ಯದಲ್ಲಿ ಒಂಬತ್ತು ಸಲ ಬಿದ್ದೂ 19-16ರಿಂದ ಗೆದ್ದದ್ದನ್ನು ತಂಡದ ಕೆಚ್ಚೆದೆಗೆ ನಿದರ್ಶನವೆಂದು ಕೊಂಡಾಡಿದೆವು. ಬಿದ್ದವರ ಕೆಚ್ಚೆದೆ ನಿಜ. ಬೀಳಿಸಿಕೊಟ್ಟವರದ್ದನ್ನು ಏನೆನ್ನಬೇಕೋ ತಿಳಿಯದೆ ಅದನ್ನೂ ಅದರಲ್ಲೇ ಸೇರಿಸಿದೆವು.

2022ರ ಫೆಬ್ರುವರಿ 13ರ ಆ ಫೈನಲ್ ನಮ್ಮಲ್ಲಿ ಸೋಮವಾರ ಬೆಳಗಿನ ಹೊತ್ತು. ತಿಂಡಿಯ ತಟ್ಟೆ ತೊಡೆಯ ಮೇಲಿತ್ತು. ರ‍್ಯಾಮ್ಸ್ 23, ಬೆಂಗಾಲ್ಸ್ 20. ನಾಲ್ಕನೆಯ, ಅಂದರೆ ಕೊನೆಯ ಯತ್ನ, ಬೇಕಾದದ್ದು ಒಂದೇ ಗಜ, ಗಡಿಯಾರದಲ್ಲಿ 43 ಸೆಕೆಂಡು. ಚೆಂಡು ಕೈಗೆ ಬಂದು ಬರೋ ಎರಡು ಹೆಜ್ಜೆ ಹಿಂದೆ ಸರಿಯುವುದರೊಳಗೆ ರ‍್ಯಾಮ್ಸ್ ತಂಡದ ಏರನ್ ಡೊನಾಲ್ಡ್ ಬೇಲಿಯ ಸಂದಿಯಿಂದ ಒಳಗೆ ಬಂದಾಗಿತ್ತು. ಸೊಂಟ ಹಿಡಿದು ಗಿರ್ರನೆ ತಿರುಗಿಸಿದರು. ಬೀಳುತ್ತ ಬೀಳುತ್ತಲೇ ಬರೋ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು. ಡೊನಾಲ್ಡ್ ಓಡುತ್ತ, ಗೆದ್ದವರಿಗೆ ಸಿಗುವ ಉಂಗುರ ತೊಡುವ ತಮ್ಮ ಬೆರಳನ್ನು ಎಲ್ಲರಿಗೂ ತೋರಿಸಿದರು. ಆಮೇಲೆ ಬೇರೆ ಕ್ಯಾಮೆರಾದ ದೃಶ್ಯ ನೋಡಿದಾಗಲೇ ಗೊತ್ತಾದದ್ದು: ದೂರದಲ್ಲಿ ಚೇಸ್ ತಮ್ಮನ್ನು ಕಾಯುತ್ತಿದ್ದವನನ್ನು ಹಿಂದೆ ಹಾಕಿ ಬಯಲಿನಲ್ಲಿ ಒಬ್ಬರೇ ಓಡುತ್ತಿದ್ದರು. ಸೂಯೆಲ್ ಅವರನ್ನು ಬಿಟ್ಟು ತಂದ ವಜ್ರ ಅಲ್ಲಿ ಹೊಳೆಯುತ್ತಿತ್ತು, ಅತ್ತ ತಲೆಯೆತ್ತಿ ನೋಡುವಷ್ಟು ಪುರಸೊತ್ತು ಮಾತ್ರ ಇಲ್ಲಿರಲಿಲ್ಲ. ಫುಟ್‌ಬಾಲಿನ ಗಂಧಗಾಳಿ ಇಲ್ಲದ ನನ್ನ ಹೆಂಡತಿ ಚಟ್ನಿಯ ಬಟ್ಟಲು ಹಿಡಿದು ನಿಂತವಳು, "ಅಲ್ಲ ರೀ, ಅವನ ಮುಂದೆ ನಿಂತಿರೋ ಆ ಐದು ದಪ್ಪ ಜನ ಯಾವ ಕಡೆಯವರು?" ಎಂದು ಕೇಳಿದಳು. ಅಂದಿನಿಂದ ಇಂದಿನವರೆಗೆ ನೂರಾರು ಪುಟಗಳ ವಿಶ್ಲೇಷಣೆ ಓದಿದ್ದೇನೆ. ಇದಕ್ಕಿಂತ ನಿಖರವಾದದ್ದು ಕಂಡಿಲ್ಲ.

ಹಾಗೆಂದು ಕ್ಲಬ್ಬಿಗೆ ರಕ್ಷಣೆಯ ಕಲೆಯೇ ಬಾರದು ಎಂದುಕೊಳ್ಳುವುದು ಅನ್ಯಾಯ. ಮಾಲೀಕ ಮೈಕ್ ಬ್ರೌನ್ ಅವರ ಕುಟುಂಬದ ತಿಜೋರಿಯನ್ನು ಕಾಯುವ ಲೈನನ್ನು ಒಮ್ಮೆ ನೋಡಬೇಕು. 1996ರಲ್ಲಿ, ಸಿನ್ಸಿನಾಟಿ ಇರುವ ಹ್ಯಾಮಿಲ್ಟನ್ ಕೌಂಟಿಯ ಮತದಾರರು ಎರಡು ಕ್ರೀಡಾಂಗಣಗಳಿಗಾಗಿ ಡಾಲರಿಗೆ ಅರ್ಧ ಸೆಂಟಿನ ಮಾರಾಟ ತೆರಿಗೆಯನ್ನು ತಮ್ಮ ಮೇಲೆ ತಾವೇ ಹಾಕಿಕೊಂಡರು. ಬದಲಿಗೆ ಮನೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆಂದು ಅವರಿಗೆ ಹೇಳಲಾಗಿತ್ತು. ಆಗ ಬರೆದ ಗುತ್ತಿಗೆ ಪತ್ರದ ಪ್ರಕಾರ, ಮುಂದೊಂದು ದಿನ ಆಟದ ಮರುಪ್ರದರ್ಶನವನ್ನು ಹೊಲೊಗ್ರಾಮ್ ರೂಪದಲ್ಲಿ ತೋರಿಸುವ ಯಂತ್ರ ಬಂದರೆ ಅದರ ಖರ್ಚು ಕೂಡ ಕೌಂಟಿಯದೇ. ಇನ್ನೂ ಹುಟ್ಟದ ಯಂತ್ರದ ಬಿಲ್ಲು ಯಾರ ಕಡೆಯಿಂದ ಬರಬಹುದೆಂದು ಊಹಿಸಿ ಅದಕ್ಕೆ ಅಡ್ಡ ನಿಂತ ಕ್ಲಬ್ಬಿನ ವಕೀಲರ ಕಾಲ್ಚಳಕ, ಆ ಮುಂದಾಲೋಚನೆ ಯಾವ ಲೈನ್‌ಮನ್‌ಗೆ ಇದೆ? ಈ ಬೇಸಿಗೆಯಲ್ಲಿಯೂ ಅವರು ಸುಮ್ಮನಿರಲಿಲ್ಲ. ಮೊದಲ ಸುತ್ತಿನ ಆಯ್ಕೆ ಶೆಮಾರ್ ಸ್ಟೀವರ್ಟ್ ಅವರ ಒಪ್ಪಂದದ ಒಂದು ಷರತ್ತಿನ ಒಕ್ಕಣೆಗಾಗಿ ಜುಲೈ ಕೊನೆಯ ವಾರದವರೆಗೆ ಒಂದಡಿ ಹಿಂದೆ ಸರಿಯದೆ ಹೋರಾಡಿದರು. ಎಡ ಗಾರ್ಡ್ ಸ್ಥಾನಕ್ಕೆ ನನ್ನ ಮತ ಈ ವಕೀಲರಿಗೇ.

ತಮಾಷೆ ಇಲ್ಲಿಗೆ ಸಾಕು. ಆ ತೆರಿಗೆಯ ಲೆಕ್ಕ ತಪ್ಪಿ, ಕ್ರೀಡಾಂಗಣದ ನಿಧಿಯಲ್ಲಿ ಬಿದ್ದ ಕಂದಕ ತುಂಬಲು ಕೌಂಟಿಯವರು ಮನೆ ತೆರಿಗೆಯ ರಿಯಾಯಿತಿಯನ್ನು ಕತ್ತರಿಸಿದರು, ಸಾರ್ವಜನಿಕ ಆಸ್ಪತ್ರೆಯೊಂದನ್ನು ಮಾರಿದರು. ಆಸ್ಪತ್ರೆಯನ್ನು. ಅದಾದ ಮೇಲೂ ಈ ಜೂನಿನಲ್ಲಿ 2036ರವರೆಗಿನ ಹೊಸ ಗುತ್ತಿಗೆಗೆ ಒಪ್ಪಿಗೆ ಸಿಕ್ಕಿದೆ: 47 ಕೋಟಿ ಡಾಲರಿನ ದುರಸ್ತಿ, ಅದರಲ್ಲಿ 35 ಕೋಟಿ ಕೌಂಟಿಯದು. ಊರಿನ ಜನ ಇಷ್ಟು ಕೊಟ್ಟ ಮೇಲೆ ಇಬ್ಬರು ನೆಟ್ಟಗಿನ ಗಾರ್ಡುಗಳನ್ನು ಕೊಳ್ಳಲು ಐದು ವರ್ಷ ಸಾಲದೆ ಹೋಯಿತು ಎಂದರೆ ಅದು ಅದೃಷ್ಟದ ಆಟವಲ್ಲ, ಆಯ್ಕೆ. 2022ರ ಸೀಸನ್ನಿನ ಕೊನೆಯಲ್ಲಿ ಮೂವರು ಲೈನ್‌ಮನ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡದ್ದು ದುರದೃಷ್ಟ ಎನ್ನೋಣ. ಅವರ ಹಿಂದೆ ಆಡಿಸಲು ಯೋಗ್ಯರಾದವರನ್ನು ಇಟ್ಟುಕೊಳ್ಳದೆ ಇದ್ದದ್ದು ಏನು? 2024ರಲ್ಲಿ ಬರೋ ಅವರು ಲೀಗಿನಲ್ಲೇ ಅತಿ ಹೆಚ್ಚು, 4918 ಗಜ ಮತ್ತು 43 ಟಚ್‌ಡೌನ್ ಎಸೆದರು. ಆ ಮಟ್ಟದಲ್ಲಿ ಆಡಿದವರ ತಂಡ 9 ಗೆಲುವು, 8 ಸೋಲಿಗೆ ನಿಂತು ಪ್ಲೇಆಫ್‌ನಿಂದ ಹೊರಗುಳಿಯಿತು. ದೋಷ ಲೈನಿನದಷ್ಟೇ ಅಲ್ಲ, ಡಿಫೆನ್ಸ್ ಅದಕ್ಕಿಂತ ಕೆಟ್ಟದಾಗಿತ್ತು, ಒಪ್ಪುತ್ತೇನೆ. ಆದರೆ ಮೊಣಕಾಲು ಒಮ್ಮೆ, 2023ರಲ್ಲಿ ಬಲಗೈಯ ಮಣಿಕಟ್ಟು ಒಮ್ಮೆ ಕೊಯ್ಯಿಸಿಕೊಂಡ ಮನುಷ್ಯನನ್ನು ಪ್ರತಿ ಸೆಪ್ಟೆಂಬರಿನಲ್ಲಿ ಇದೇ ಬೇಲಿಯ ಹಿಂದೆ ನಿಲ್ಲಿಸಿ, ಪ್ರತಿ ಆಗಸ್ಟಿನಲ್ಲಿ ಬೇಲಿಗೆ ಅಂಕ ಕೊಡುತ್ತ ಕುಳಿತಿರುವ ನಮ್ಮಂಥವರನ್ನು ನೋಡಿದರೆ ನನಗೇ ಬೇಸರ ಬರುತ್ತದೆ.

ಲೈನಿನ ಕೋಚ್ ಆಗಿದ್ದ ಫ್ರ್ಯಾಂಕ್ ಪೊಲ್ಲಾಕ್ ಅವರನ್ನು ಜನವರಿಯಲ್ಲಿ ತೆಗೆದುಹಾಕಿದ್ದಾರೆ. ಸ್ಯಾಕ್ ತಡೆಯಬೇಕಾದವರಿಗೇ ಸ್ಯಾಕ್. ಹೊಸದಾಗಿ ಬಂದ ಸ್ಕಾಟ್ ಪೀಟರ್ಸ್ ಅವರು ಕೈಗಳ ಬಳಕೆಗೆ, ಅಂದರೆ ಎದುರಾಳಿಯ ಎದೆಗೆ ಯಾವ ಕೋನದಿಂದ ಅಂಗೈ ಊರಬೇಕೆಂಬುದಕ್ಕೆ ಬಹಳ ಮಹತ್ವ ಕೊಡುವವರಂತೆ. ಒಳ್ಳೆಯದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ಹೀಯಾಳಿಸುವವರಿಗೆ ನಾನು ಹೇಳುವುದಿಷ್ಟೇ: ಇಲ್ಲಿ ಕೋಟೆ ವರ್ಷಕ್ಕೊಮ್ಮೆ ಕೊಳ್ಳೆ ಹೋಗುತ್ತದೆ, ಆದ್ದರಿಂದ ಬಾಗಿಲನ್ನು ಯಾವಾಗ ಹಾಕಿದರೂ ಅದು ಮುಂದಿನ ಕೊಳ್ಳೆಗೆ ಮುಂಚಿತವೇ ಆಗುತ್ತದೆ.

ಪಂದ್ಯ ನಮ್ಮ ಹೊತ್ತಿಗೆ ಭಾನುವಾರ ರಾತ್ರಿ ಹತ್ತೂವರೆಗೆ. ನೋಡದೆ ಇರಲಾರೆ ಎಂಬುದು ನನಗೂ ಗೊತ್ತು, ಕ್ಲಬ್ಬಿಗೂ ಗೊತ್ತು. ಈ ಸಲ ಹೆಂಡತಿಯ ಪ್ರಶ್ನೆಗೆ ತಡವರಿಸಬಾರದೆಂದು ಐವರ ಹೆಸರನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಗಾರ್ಡುಗಳಿಬ್ಬರ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದೇನೆ.